ಬಲಗಣ್ಣಿನ ಹಕ್ಕುದಾರ

ಬೇಖಾ ನಾರಾನ್ ಸಣ್ಣ ಮನಸ್ಸಿನ ಮನುಷ್ಯ. ಹೀಗೆ ಹೇಳಲು ಸಂಕೋಚಪಡಬೇಕಾಗಿಲ್ಲ. ಕಾಠ್ಮಂಡುವಿನ ಲಗನ್ ಕೇರಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಅವನ ಹೆಂಡತಿ ಲನಿಮಾಯಾ ಕೇಳುವ ಮೊದಲೇ ಹೇಳುತ್ತಿದ್ದಳು. ಗಾರೆಕೆಲಸದಲ್ಲಿ ಅವನ ಕೈ ಒಳ್ಳೆಯದು. ಕುಡಿದು ಬೀಳುವವನಲ್ಲ, ಹೆಂಡತಿಯ ಮೇಲೆ ಕೈಯೆತ್ತಿದವನಲ್ಲ. ಆದರೆ ತನಗಿಂತ ಒಂದು ಗೇಣು ಮೇಲೆ ಇನ್ನೊಬ್ಬ ಕೂತರೆ ಅವನು ಸಹಿಸುತ್ತಿರಲಿಲ್ಲ. ಬಾವಿಕಟ್ಟೆಗೆ ತನ್ನ ಮನೆಯ ಕೊಡಕ್ಕಿಂತ ಮೊದಲು ಇನ್ನೊಂದು ಕೊಡ ಬಂದರೆ ಆ ದಿನವೆಲ್ಲ ಮುಖ ಊದಿಕೊಂಡಿರುತ್ತಿತ್ತು. ಎಪ್ಪತ್ತೆಂಟು ವರ್ಷವಾದರೂ ಸೊಂಟಪಟ್ಟಿಯಲ್ಲಿ ತೂಗುಗುಂಡು ಸಿಕ್ಕಿಸಿಕೊಂಡೇ ಓಡಾಡುತ್ತಿದ್ದ. ಯಾರಾದರೂ ಹೊಸ ಗೋಡೆ ಎಬ್ಬಿಸಿದರೆ ಕರೆಯದೆ ಹೋಗಿ, ದಾರ ಇಳಿಬಿಟ್ಟು ನೋಡಿ, "ಒಂದು ಬೆರಳು ವಾಲಿದೆ" ಎಂದು ಹೇಳಿ ಬರುತ್ತಿದ್ದ. ಅಂಥ ದಿನ ಅವನಿಗೆ ಊಟ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಈ ಸಣ್ಣತನವೆಲ್ಲ ಒಟ್ಟಾಗಿ ಸುರಿಯುತ್ತಿದ್ದುದು ಒಬ್ಬನ ಮೇಲೆ. ಅಂಗಳದ ಆಚೆ ಮಗ್ಗುಲಿನ ಮನೆಯ ಕುಲ್‌ಮಾನ್ ರೈತ. ಉದ್ದಕ್ಕೆ ಬಿದಿರಿನ ಗಳುವಿನ ಹಾಗಿದ್ದ, ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ, ಮಂಡಿ ಎರಡೂ ಹಿಡಿದುಹೋಗಿದ್ದವು. ಇಬ್ಬರೂ ಹುಟ್ಟಿದ್ದು ಒಂದೇ ದಿನ. ಅದೂ ಎಂಥ ದಿನ! ವಿಕ್ರಮ ಶಕೆ ಹದಿನೆಂಟುನೂರ ತೊಂಬತ್ತರ ಮಹಾಭೂಕಂಪದಲ್ಲಿ ಹಳೆಯ ಧರಹರಾ ಗೋಪುರದ ತಲೆ ಉರುಳಿತಲ್ಲ, ಆ ದಿನ. "ನೀನು ಹುಟ್ಟಿದಾಗ ಧರಹರಾ ನಿಂತಿತ್ತು, ಆಮೇಲೆ ಬಿತ್ತು" ಎಂದು ಬೇಖಾ ನಾರಾನನ ತಾಯಿ ಸಾಯುವ ತನಕ ಹೇಳಿದಳು. ಕುಲ್‌ಮಾನನ ತಾಯಿಯೂ ತನ್ನ ಮಗನಿಗೆ ಅಕ್ಷರ ತಪ್ಪದೆ ಅದನ್ನೇ ಹೇಳಿ ಸತ್ತಳು. ಜಾತಕ ನೋಡಿ ತೀರಿಸೋಣವೆಂದರೆ, ಆ ಗಡಿಬಿಡಿಯಲ್ಲಿ ಜೋಶಿಯ ಗಳಿಗೆ ಬಟ್ಟಲು ಮಗುಚಿಹೋಗಿತ್ತು. ಅವನು ಇಬ್ಬರಿಗೂ ಒಂದೇ ಗಳಿಗೆ ಬರೆದು ಕೈ ತೊಳೆದುಕೊಂಡಿದ್ದ.

ಹೀಗಾಗಿ ಇಬ್ಬರೂ ಒಬ್ಬರನ್ನೊಬ್ಬರು "ತಮ್ಮಾ" ಎಂದೇ ಕರೆಯುತ್ತಿದ್ದರು.

"ಏನೋ ತಮ್ಮಾ, ಮೂಲಂಗಿ ಹಿಂಗೆ ಸೊರಗಿದೆ? ಯಜಮಾನನ್ನ ನೋಡಿ ಬೆಳೀತಾ?" ಎಂದು ಬೇಖಾ ನಾರಾನ್ ಕಿಟಕಿಯಿಂದ ಕೂಗುತ್ತಿದ್ದ.

"ಹೌದು ತಮ್ಮಾ, ನಿನ್ನನ್ನ ನೋಡಿ ಬೆಳೆದಿದ್ರೆ ಕುಂಬಳಕಾಯಿ ಆಗ್ತಿತ್ತು" ಎಂದು ಕುಲ್‌ಮಾನ್ ಕೆಳಗಿಂದ ನಗುತ್ತಿದ್ದ.

ಲಗನ್‌ನ ಇಪ್ಪತ್ತಾರು ಮನೆಗಳಿಗೆ ಒಂದು ಗುಥಿ. ಆ ಮನೆಗಳಲ್ಲಿ ಯಾರು ಸತ್ತರೂ ಹೊಳೆದಂಡೆಗೆ ಹೊರುವವರು ಗುಥಿಯವರು. ವರ್ಷಕ್ಕೊಮ್ಮೆ ಭತ್ತ ಮನೆಗೆ ಬಂದ ಮೇಲೆ ಒಂದೇ ಉದ್ದನೆಯ ಹುಲ್ಲುಚಾಪೆಯ ಮೇಲೆ ವಯಸ್ಸಿನ ಸರದಿಯಲ್ಲಿ ಕೂತು ಉಣ್ಣುವವರೂ ಅವರೇ. ಅಂದು ಬಲಿಕೊಟ್ಟ ಆಡಿನ ತಲೆಯನ್ನು ಬೇಯಿಸಿ ಎಂಟು ಹಿರಿಯರಿಗೆ ಹಂಚುತ್ತಾರೆ. ಎಲ್ಲರಿಗಿಂತ ಹಿರಿಯನು ಥಕಾಲಿ, ಬಲಗಣ್ಣು ಅವನದು. ಎರಡನೆಯವನಿಗೆ ಎಡಗಣ್ಣು. ಆಮೇಲೆ ಕಿವಿಗಳು, ಮೂಗು, ನಾಲಿಗೆ, ದವಡೆಗಳು. ಥಕಾಲಿ ಬಾಯಿಗಿಡುವ ತನಕ ಯಾರೂ ಉಣ್ಣುವಂತಿಲ್ಲ. ಥಕಾಲಿ ಎದ್ದ ಮೇಲೆ ಯಾರೂ ಕೂತಿರುವಂತಿಲ್ಲ, ಎಲೆಯಲ್ಲಿ ಏನೇ ಉಳಿದಿರಲಿ.

ಹಳೆಯ ಥಕಾಲಿಗೆ ಮೂತ್ರದ ತೊಂದರೆಯಿತ್ತು. ನಾಲ್ಕು ತುತ್ತು ತಿಂದು ದಡಬಡ ಎದ್ದುಬಿಡುತ್ತಿದ್ದ. ಹಲ್ಲಿಲ್ಲದ ಕುಲ್‌ಮಾನ್ ಅವಲಕ್ಕಿಯನ್ನು ಸಾರಿನಲ್ಲಿ ನೆನೆಸಿ, ಮಾಂಸವನ್ನು ಉಗುರಿನಲ್ಲಿ ಎಳೆ ಎಳೆ ಬಿಡಿಸಿ, ಆಡು ಮೆಲುಕು ಹಾಕುವ ಹಾಗೆ ಒಸಡಿನಲ್ಲೇ ಅರೆಯುವಷ್ಟರಲ್ಲಿ ಊಟ ಮುಗಿದಿರುತ್ತಿತ್ತು. ಪ್ರತಿ ವರ್ಷವೂ ಅವನು ಔತಣದಿಂದ ಅರೆಹೊಟ್ಟೆಯಲ್ಲೇ ಮನೆಗೆ ಹೋಗುತ್ತಿದ್ದ. ಬೇಖಾ ನಾರಾನ್ ಉಣ್ಣುತ್ತಿದ್ದುದು ಗಾರೆಯವರ ಹಾಗೆ, ಗಾರೆ ಒಣಗುವುದರೊಳಗೆ ಇಟ್ಟಿಗೆ ಕೂರಿಸುವ ವೇಗದಲ್ಲಿ. ಅವನಿಗೆ ಇದೊಂದು ಹಬ್ಬ.

"ನಾನು ಥಕಾಲಿ ಆಗ್ಲಿ ತಡಿ ತಮ್ಮಾ. ನಿನ್ನ ಅವಲಕ್ಕಿ ನೆನೆಯೋಕೆ ಮುಂಚೆ ಏಳ್ತೀನಿ!"

"ನಾನೇ ಆದ್ರೆ?"

"ನೀನಾದ್ರೆ ನಾವೆಲ್ಲ ಬೆಳಗಾಗೋ ತನಕ ಕೂತು ಸಾಯ್ತೀವಿ."

ಹಳೆಯ ಥಕಾಲಿ ಶ್ರಾವಣದಲ್ಲಿ ತೀರಿಕೊಂಡ. ಅವನಿದ್ದಾಗ ಎರಡನೆಯ ಜಾಗದಲ್ಲಿ ಒಂದು ವರ್ಷ ಇವನು, ಒಂದು ವರ್ಷ ಅವನು ಎಂದು ಹೇಗೋ ನಡೆಯುತ್ತಿತ್ತು. ಮೊದಲನೆಯ ಜಾಗಕ್ಕೆ ಆ ಉಪಾಯ ನಡೆಯದು. ಗುಥಿಯ ದೇವರ ಪೆಟ್ಟಿಗೆ, ತಾಮ್ರದ ಹಂಡೆಗಳು, ಬೀಗದ ಕೈ, ಎಲ್ಲವೂ ಥಕಾಲಿಯ ಮನೆಗೆ ಬಂದರೆ ಅವನು ಸಾಯುವ ತನಕ ಕದಲುವಂತಿಲ್ಲ. ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಹೋದಂತೆ ಇಡೀ ಕೇರಿಯ ಮಾತು ಆ ಖಾಲಿ ಜಾಗಕ್ಕೇ ಹೋಗತೊಡಗಿತು. ಆ ವರ್ಷ ತುಂಡಿಖೇಲ್ ಮೈದಾನದ ಅಂಚಿನಲ್ಲಿ ಬಿಜುಲಿ ದೀಪ ಹತ್ತಿತ್ತು. ಎಣ್ಣೆಯಿಲ್ಲದೆ ಉರಿಯುವ ಬೆಂಕಿಯನ್ನು ನೋಡಲು ಬೆಟ್ಟದಾಚೆಯಿಂದ ಜನ ಬರುತ್ತಿದ್ದರು. ಲಗನ್‌ನವರಿಗೆ ಅದನ್ನು ಮಾತಾಡಲೂ ಬಿಡುವಿರಲಿಲ್ಲ. ಕೊನೆಗೆ, ಆ ವರ್ಷ ಔತಣ ನಡೆಸುವ ಸರದಿಯಿದ್ದ ಸಂತವೀರ ಇಬ್ಬರನ್ನೂ ಕೂರಿಸಿ ಹೇಳಿದ:

"ನೋಡಿ ಅಜ್ಜಂದಿರಾ, ಊಟದ ದಿನದೊಳಗೆ ಸಾಕ್ಷಿ ತನ್ನಿ. ಇಲ್ದಿದ್ರೆ ಇಬ್ರನ್ನೂ ಬಿಟ್ಟು ಮೂರನೆಯವರನ್ನ ಮೇಲೆ ಕೂರಿಸ್ತೀವಿ."

ಆ ರಾತ್ರಿ ಬೇಖಾ ನಾರಾನ್ ಉಣ್ಣಲಿಲ್ಲ. ಲನಿಮಾಯಾ ಮಾರನೆಯ ಬೆಳಿಗ್ಗೆ ಮೆಣಸಿನಕಾಯಿ ಒಣಹಾಕುತ್ತ ತಾನಾಗಿ ಮಾತು ತೆಗೆದಳು.

"ಕೀರ್ತಿಪುರದಲ್ಲಿ ಹೇರಾ ಥಕುಂ ಇನ್ನೂ ಬದುಕಿದಾಳೆ."

"ಕುಲ್‌ಮಾನನ ಅಕ್ಕನಾ?"

"ಭೂಕಂಪ ಆದಾಗ ಹನ್ನೆರಡು ವರ್ಷದೋಳು. ಎರಡೂ ಬಾಣಂತಿಯರ ಹತ್ರ ಇದ್ದೋಳು ಅವಳೇ ಅಂತ ನಿಮ್ಮಮ್ಮ ಹೇಳ್ತಿದ್ರು."

"ಅವಳು ಅವನ ಒಡಹುಟ್ಟಿದೋಳು ಕಣೇ! ಅವನ ಕಡೆಗೇ ಹೇಳ್ತಾಳೆ."

"ಅವನ ಮಗನ ಮದುವೇಲಿ ಹೊಸ ಸೊಸೆ ನೆಂಟರಿಗೆ ತಲಾ ಹತ್ತು ಹಂಚಿದ ಅಡಿಕೇಲಿ ತನಗೊಂದು ಹುಳುಕು ಬಂತೂಂತ ಮೂವತ್ತು ವರ್ಷದಿಂದ ಈ ಕೇರಿಗೆ ಕಾಲಿಟ್ಟಿಲ್ಲ. ಹುಳುಕಡಿಕೆ ಮರೀದೋಳು ಯಾರಿಗೋಸ್ಕರಾನೂ ಸುಳ್ಳು ಹೇಳಲ್ಲ. ಕುಲ್‌ಮಾನ್ ಕರೆಯೋಕೆ ಹೋದ್ರೆ ಒನಕೆ ತಗೋತಾಳೆ. ನೀನು ಹೋಗು."

ಬೇಖಾ ನಾರಾನ್ ತೂಗುಗುಂಡನ್ನು ಬೆರಳಿಗೆ ಸುತ್ತಿ ಬಿಚ್ಚಿದ. ಹೇರಾ ಹೇಳುವುದು ಎತ್ತ ಬೇಕಾದರೂ ವಾಲಬಹುದು. ಅದು ಅವನಿಗೂ ಗೊತ್ತು.

"ನಿಂಗ್ಯಾಕೆ ಇಷ್ಟು ಉತ್ಸಾಹ?"

"ಉತ್ಸಾಹ ಏನೂ ಇಲ್ಲ. ನೀನು ಥಕಾಲಿ ಆದ್ರೆ ನಿಂಗೆ ಕಣ್ಣು, ನಂಗೆ ಇಪ್ಪತ್ತಾರು ಮನೆ ಹಂಡೆ ತಿಕ್ಕೋ ಕೆಲಸ. ಆದ್ರೆ ಆಗದೇ ಇದ್ರೆ ನೀನು ಮನೇಲಿ ಕೂತು ಗೊಣಗೋದನ್ನ ಕೇಳೋಕಿಂತ ಹಂಡೆ ತಿಕ್ಕೋದು ವಾಸಿ."

ಔತಣದ ಹಿಂದಿನ ದಿನ ಮೂವರು ಹೊರಟರು: ಬೇಖಾ ನಾರಾನ್, ಲನಿಮಾಯಾ, ಮತ್ತು ಹೆಗಲ ಮೇಲೆ ಎರಡು ಬುಟ್ಟಿ ತೂಗುಬಿಟ್ಟ ಅಡ್ಡೆ ಹೊತ್ತ ಮಗ ಅಷ್ಟನಾರಾನ್. ಟೇಕುವಿನ ಸೇತುವೆ ದಾಟಿ, ಕಾಲಿಮಾಟಿಯ ಕಪ್ಪು ಹೊಲಗಳ ನಡುವೆ ನಡೆದು, ಕೀರ್ತಿಪುರದ ಗುಡ್ಡ ಹತ್ತುವಾಗ ಬಿಸಿಲೇರಿತ್ತು. ಹೇರಾ ಥಕುಂ ಮನೆಯ ಮುಂದೆ ಹುಲ್ಲುಚಾಪೆಯ ಮೇಲೆ ಕೂತು ಚಿಲುಮೆ ಸೇದುತ್ತ ಕರಿ ಸೋಯಾಕಾಳು ಬಿಡಿಸುತ್ತಿದ್ದಳು. ತೊಂಬತ್ತು ವರ್ಷದ ಮುದುಕಿ, ಒಣಗಿದ ಶುಂಠಿಯ ಹಾಗೆ.

"ಯಾರದು? ನೆರಳು ಬಿಟ್ಟು ನಿಲ್ಲು, ಮುಖ ಕಾಣ್ಲಿ."

"ಬೇಖಾ ನಾರಾನ್, ಅಕ್ಕಾ. ಲಗನ್‌ನೋನು."

"ಆ?"

"ಬೇಖಾ! ಗಾರೆಯವನ ಮಗ!" ಎಂದು ಲನಿಮಾಯಾ ಅವಳ ಕಿವಿಯಲ್ಲಿ ಕೂಗಿದಳು.

ಮುದುಕಿ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಓಹೋ, ಬುಟ್ಟಿಯೋನಾ? ಬದುಕಿದೀಯಾ?"

ಬುಟ್ಟಿ ಎಂದರೇನೆಂದು ಯಾರಿಗೂ ತಿಳಿಯಲಿಲ್ಲ. ವಯಸ್ಸಾದವರು ಏನೇನೋ ಅನ್ನುತ್ತಾರೆ. ಬೇಖಾ ನಾರಾನ್ ತಾನು ಬಂದ ಕಾರಣ ಹೇಳಿದ. ಎರಡು ಸಲ ಮೆತ್ತಗೆ, ಮೂರನೆಯ ಸಲ ಕೀರ್ತಿಪುರಕ್ಕೆಲ್ಲ ಕೇಳುವಂತೆ.

"ಗೊತ್ತು. ಕಣ್ಣಾರೆ ನೋಡಿದೀನಿ" ಎಂದಳು ಅವಳು. "ಆದ್ರೆ ಇಲ್ಲಿ ಹೇಳಲ್ಲ. ಹೇಳಿದ್ರೆ ನಿಂಗೆ ಬೇಕಾದಷ್ಟು ಮಾತ್ರ ಹೊತ್ಕೊಂಡು ಹೋಗ್ತೀಯ. ನನ್ನನ್ನೇ ಹೊತ್ಕೊಂಡು ಹೋಗು, ಎಲ್ಲರ ಮುಂದೆ ಹೇಳ್ತೀನಿ. ಮತ್ತೆ, ಆ ಹೊಸ ದೀಪ ತೋರಿಸ್ಬೇಕು. ಗಂಟೆ ಹೊಡೆಯೋ ಗೋಪುರಾನೂ ತೋರಿಸ್ಬೇಕು. ಸಾಯೋರೆಲ್ಲ ನೋಡಿ ಸತ್ರು, ನಾನೊಬ್ಳೇ ಬಾಕಿ."

"ಮತ್ತೆ ಆ ಅಡಿಕೆ..." ಎಂದ ಅಷ್ಟನಾರಾನ್.

"ಅಡಿಕೆ ವಿಷಯ ಬೇರೆ. ಅದನ್ನ ನಾನು ಬಿಟ್ಟಿಲ್ಲ."

ಅಡ್ಡೆಯ ಒಂದು ಬುಟ್ಟಿಯಲ್ಲಿ ಹೇರಾ ಥಕುಂಳನ್ನು ಕೂರಿಸಿದರು. ಇನ್ನೊಂದು ಬುಟ್ಟಿಯಲ್ಲಿ ತೂಕಕ್ಕೆ ಮೂಲಂಗಿ, ಎರಡು ಕುಂಬಳಕಾಯಿ. ಅಷ್ಟನಾರಾನ್ ಎತ್ತಿ ನೋಡಿ ಇಳಿಸಿದ.

"ಕುಂಬಳದ ಕಡೆ ಭಾರ. ಒಂದನ್ನ ತೆಗೀಬೇಕು."

"ನನಗಿಂತ ಕುಂಬಳಕ್ಕೆ ಹೆಚ್ಚು ತೂಕವೇನೋ?" ಎಂದಳು ಮುದುಕಿ. "ಮೂಲಂಗಿ ತೆಗಿ. ಕುಂಬಳ ನಮ್ಮನೇದು, ಅದು ಔತಣಕ್ಕೆ. ಕೈಬೀಸಿಕೊಂಡು ಹೋಗೋ ಜನ ಅಲ್ಲ ನಾವು."

ದಾರಿಯುದ್ದಕ್ಕೂ ಅವಳು ಬುಟ್ಟಿಯೊಳಗಿಂದ ಆಳುತ್ತಲೇ ಬಂದಳು. ಬಾಗ್ಮತಿ ಬತ್ತಿಹೋಗಿದೆ ಎಂದಳು. ಸುಂಧಾರಾದಲ್ಲಿ ಬುಟ್ಟಿ ಇಳಿಸಿ ಬಂಗಾರದ ಬಾಯಿಯ ತೂಬಿನ ನೀರು ಕುಡಿಸಿದಾಗ, ರುಚಿ ಮಾತ್ರ ಕೆಟ್ಟಿಲ್ಲ ಎಂದು ಒಪ್ಪಿಕೊಂಡಳು. ಎದುರಿಗೇ ಎರಡು ಧರಹರಾಗಳು. ಅವಳು ತಲೆ ಹೋದ ಹಳೆಯದನ್ನು ಬಹಳ ಹೊತ್ತು ನೋಡಿದಳು. ಬೇಖಾ ನಾರಾನ್ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಬಾಯಿ ಒರೆಸಿಕೊಂಡು, "ನಡಿ" ಎಂದಳು, ಅಷ್ಟೇ. ಅವನು ತುಟಿ ಕಚ್ಚಿದ್ದನ್ನು ಲನಿಮಾಯಾ ಕಂಡಳು. ಮದುವೆಯಾಗಿ ಅರವತ್ತು ವರ್ಷದಲ್ಲಿ ಅವನು ಹೀಗೆ ಹೆದರಿದ್ದನ್ನು ಅವಳು ಎರಡೇ ಸಲ ಕಂಡಿದ್ದಳು. ಎರಡು ಸಲವೂ ಮನೆಯಲ್ಲಿ ಮಗುವಿಗೆ ಸಿಡುಬು ಎದ್ದಿತ್ತು.

ರಾಣಿಪೋಖರಿಯ ಹತ್ತಿರ ಘಂಟಾಘರ್‌ನ ಕೆಳಗೆ ನಿಂತಾಗ ಅವನಿಗೆ ಸ್ವಲ್ಪ ಉಸಿರು ಬಂತು.

"ಇದನ್ನ ಕಟ್ಟಿದ್ದು ನಾನೇ ಅಕ್ಕಾ."

"ಇಷ್ಟು ದೊಡ್ಡದನ್ನ ಒಬ್ನೇ?"

"ಅಂದ್ರೆ... ಬಡಗು ಗೋಡೆ."

"ಬಡಗು ಗೋಡೆ ಪೂರ್ತಿ?"

"ನೆಲದಿಂದ ನಾಲ್ಕು ಸಾಲು" ಎಂದಳು ಲನಿಮಾಯಾ.

"ಆ ನಾಲ್ಕು ಸಾಲು ನೆಟ್ಟಗಿರೋದಕ್ಕೇ ಮೇಲಿನದು ನಿಂತಿರೋದು!" ಎಂದು ಅವನು ಸಿಡುಕಿದ. ಅಷ್ಟರಲ್ಲಿ ಗಂಟೆ ಐದು ಹೊಡೆಯಿತು. ಕಿವುಡಿ ಹೇರಾ ಥಕುಂ ಬುಟ್ಟಿಯಲ್ಲೇ ಬೆಚ್ಚಿದಳು. "ಕೇಳಿಸ್ತು! ಐದೂ ಕೇಳಿಸ್ತು ಕಣೋ!" ಎಂದು ಮಗುವಿನ ಹಾಗೆ ನಕ್ಕಳು. ಕತ್ತಲಾಗುವ ಮುಂಚೆ ತುಂಡಿಖೇಲ್‌ನಲ್ಲಿ ದೀಪಗಳು ಹತ್ತಿದವು. ಜನ ಹೋ ಎಂದರು. ಅವಳು ಕೆಳಗಿಂದ ನೋಡಿ, ಪಕ್ಕದಿಂದ ನೋಡಿ, ಕೊನೆಗೆ ತೀರ್ಪು ಕೊಟ್ಟಳು. "ಚೆನ್ನಾಗಿದೆ. ಆದ್ರೆ ಇದರಿಂದ ಚಿಲುಮೆ ಹಚ್ಚೋಕಾಗಲ್ಲ."

ಮರುದಿನ ತುಂಡಿಖೇಲ್‌ನ ನಡುಹಗಲಿನ ತೋಪು ಹಾರಿದ ಮೇಲೆ ಗುಥಿಮನೆಯಲ್ಲಿ ಚಾಪೆ ಹಾಸಿದರು. ಎಲೆಗಳು ಬಿದ್ದವು. ಮೊದಲ ಎರಡು ಎಲೆಗಳ ಹಿಂದೆ ಯಾರೂ ಕೂರಲಿಲ್ಲ; ಬೇಖಾ ನಾರಾನ್ ಗೋಡೆಯ ಈ ಕಡೆ, ಕುಲ್‌ಮಾನ್ ಆ ಕಡೆ ನಿಂತಿದ್ದರು. ಆಡಿನ ತಲೆ ಹಿತ್ತಾಳೆ ತಟ್ಟೆಯಲ್ಲಿ ಹಬೆಯಾಡುತ್ತ ಕಾದಿತ್ತು. ಕಪ್ಪು ಸೀರೆಯ ಕೆಂಪಂಚನ್ನು ಮೇಲಕ್ಕೆ ಸಿಕ್ಕಿಸಿದ ಹೆಂಗಸರು ಬಡಿಸಲು ಸಿದ್ಧರಾಗಿ ಬಾಗಿಲಲ್ಲಿ ಗುಂಪುಗೂಡಿದ್ದರು. ಲನಿಮಾಯಾಳ ಕೈಯಲ್ಲಿ ಸಾರಾಯಿಯ ಹಿತ್ತಾಳೆ ಗಿಂಡಿ.

ಹೇರಾ ಥಕುಂಳನ್ನು ನಡುವೆ ಕೂರಿಸಿದರು. ಕುಲ್‌ಮಾನ್ ಮೂವತ್ತು ವರ್ಷದ ಮೇಲೆ ಅಕ್ಕನನ್ನು ಕಂಡು, ಮಂಡಿ ಹಿಡಿದುಕೊಂಡು ಬಗ್ಗಿ ಅವಳ ಕಾಲು ಮುಟ್ಟಿದ.

"ಅಡಿಕೆಗೆ ಕ್ಷಮೆ ಕೇಳಿದ್ಯಾ?" ಎಂದಳು ಅವಳು.

"ಇದೋ, ಈಗ ಕೇಳ್ದೆ ಅಕ್ಕಾ."

"ಸರಿ. ಸಣ್ಣಗಾಗಿದೀಯ. ಆಚೆ ನಿಲ್ಲು."

ಸಂತವೀರ ಅವಳ ಕಿವಿಗೆ ಬಾಯಿಟ್ಟು ಕೂಗಿದ. "ಅಜ್ಜೀ, ಇಬ್ರಲ್ಲಿ ಮೊದಲು ಹುಟ್ಟಿದ್ದು ಯಾರು?"

"ಕೂಗಬೇಡ, ನೆನ್ನೆ ಗಂಟೆ ಕೇಳಿದ ಮೇಲೆ ಕಿವಿ ಸರಿಯಾಗಿದೆ." ಅವಳು ಸೆರಗು ಸರಿಮಾಡಿಕೊಂಡಳು. "ಸಂಜೆ ನೆಲ ಒಂದು ಸಲ ನಡುಗ್ತು. ಲಗನ್‌ನೋರೆಲ್ಲ ಚಾಪೆ ಹೊತ್ಕೊಂಡು ತುಂಡಿಖೇಲ್‌ಗೆ ಓಡಿದ್ವಿ. ನಮ್ಮಮ್ಮನಿಗೂ ಗಾರೆಯವನ ಹೆಂಡತಿಗೂ ಅಲ್ಲೇ ಖರಿ ಮರದ ಬುಡದಲ್ಲಿ ನೋವು ಬಂತು. ನಡುವೆ ಒಂದು ಚಾಪೆ ಅಡ್ಡ ಹಿಡಿದಿದ್ದೆ ನಾನು. ಎರಡು ಕೈಯೂ ಸೋತುಹೋಯ್ತು. ಸೂಲಗಿತ್ತಿ ಒಬ್ಳೇ, ಈ ಕಡೆಯಿಂದ ಆ ಕಡೆ ಹಾರ್ತಿದ್ಲು. ಮೊದಲು ಹೊರಗೆ ಬಂದಿದ್ದು ಇವನು."

ಬೆರಳು ಬೇಖಾ ನಾರಾನನ ಕಡೆ ತಿರುಗಿತು. ಅವನು ಗೋಡೆಗೆ ಒರಗಿದ. ಬಾಗಿಲಲ್ಲಿ ಹೆಂಗಸರು ಗುಜುಗುಜು ಎಂದರು.

"ಮುಗೀಲಿಲ್ಲ" ಎಂದಳು ಮುದುಕಿ. "ಬಂದ, ಆದ್ರೆ ಅಳಲಿಲ್ಲ. ನೀಲಿಗಟ್ಟಿತ್ತು. ಸೂಲಗಿತ್ತಿ ತಟ್ಟಿದ್ಲು, ಊದಿದ್ಲು, ತಲೆಕೆಳಗೆ ಹಿಡಿದ್ಲು. ಹೋಯ್ತು ಅಂದ್ಕೊಂಡು ಹುಲ್ಲಿನ ಮೇಲಿಟ್ಟು, ನಾಯಿ ಮುಟ್ಟದೆ ಇರ್ಲಿ ಅಂತ ಭತ್ತದ ಬುಟ್ಟಿ ಮಗುಚಿ ಹಾಕಿದ್ಲು. ಇವರಮ್ಮ ಮೂರ್ಛೆ ಹೋದ್ಲು. ಅಷ್ಟು ಹೊತ್ತಿಗೆ ಈ ಕಡೆ ನಮ್ಮ ಕುಲ್‌ಮಾನ್ ಬಂದ. ಬಂದ ತಕ್ಷಣ ಅತ್ತ, ಕೋಣ ಕೂಗಿದ ಹಾಗೆ. ಅವನ ಹೊಕ್ಕುಳು ಕತ್ತರಿಸ್ತಿರೋವಾಗ ದೊಡ್ಡದು ಬಂತು ನೋಡು. ಭೂಮಿ ನೀರಿನ ಹಾಗೆ ಏಳ್ತು. ಧರಹರಾ ತಲೆ ಬಿತ್ತು. ಆ ಏಟಿಗೆ ಬುಟ್ಟಿ ಉರುಳಿಹೋಯ್ತು, ಒಳಗಿಂದ ಇವನು ಕಿರ್ರ್ ಅಂದ!"

ಚಾಪೆಯ ಕೊನೆಯಲ್ಲಿ ಯಾರೋ, "ಹುಟ್ಟಿದ್ದಕ್ಕೇ ಭೂಕಂಪ ಬೇಕಾಯ್ತು ಇವನಿಗೆ" ಎಂದರು. ಇಡೀ ಗುಥಿಮನೆ ಬಿದ್ದು ಬಿದ್ದು ನಕ್ಕಿತು. ಬೇಖಾ ನಾರಾನ್ ಇಟ್ಟಿಗೆಯಂತೆ ಕೆಂಪಾದ.

"ಹಂಗಾದ್ರೆ ಲೆಕ್ಕ ಹೇಗೆ?" ಎಂದ ಮೂರನೆಯ ಜಾಗದ ಮುದುಕ. ಇಬ್ಬರೂ ಬಿದ್ದರೆ ಮೇಲೆ ಕೂರುವವನು ಅವನೇ. "ಹೊರಗೆ ಬಂದದ್ದು ಇವನು ಮೊದಲು, ಉಸಿರಾಡಿದ್ದು ಅವನು ಮೊದಲು. ಉಸಿರಿಲ್ದೋನನ್ನ ಹುಟ್ಟಿದ ಅನ್ನೋದು ಹೇಗೆ?"

"ನೆಲ ಮುಟ್ಟಿದ ಗಳಿಗೆಯೇ ಹುಟ್ಟು."

"ಅತ್ತ ಗಳಿಗೆ!"

"ಹೊಕ್ಕುಳು ಕತ್ತರಿಸಿದ ಗಳಿಗೆ!"

ಮಾತು ಏರಿತು. ಸಾರು ಆರುತ್ತಿತ್ತು. ಯಾವ ಗೋಡೆಯಲ್ಲಾದರೂ ವಾಲು ಕಂಡುಹಿಡಿಯುವ ಬೇಖಾ ನಾರಾನನಿಗೆ ತನ್ನದೇ ಬುನಾದಿಯಲ್ಲಿ ಬುಟ್ಟಿಯೊಂದು ಸಿಕ್ಕಿತ್ತು.

"ಸುಮ್ನಿರಿ" ಎಂದ ಕುಲ್‌ಮಾನ್. ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ ಅವನು. "ಬಂದದ್ದು ಅವನೇ ಮೊದಲು. ಬುಟ್ಟಿ ಕೆಳಗೆ ಬಾಯಿ ಮುಚ್ಕೊಂಡು ಬಿದ್ದಿದ್ದ, ಜನ್ಮದಲ್ಲಿ ಅದೊಂದೇ ಸಲ. ಅಷ್ಟಕ್ಕಾದ್ರೂ ಮರ್ಯಾದೆ ಕೊಡ್ಬೇಕು. ಇಲ್ದಿದ್ರೆ ಇನ್ನೂ ಎಪ್ಪತ್ತೆಂಟು ವರ್ಷ ವಾದ ಮಾಡ್ತಾನೆ, ನನ್ನ ಕೈಲಾಗಲ್ಲ. ಬಾ, ಕೂತ್ಕೋ ಅಣ್ಣಾ."

ಅಣ್ಣಾ ಎಂಬ ಆ ಮಾತಿಗೆ ಬೇಖಾ ನಾರಾನ್ ಎಪ್ಪತ್ತೆಂಟು ವರ್ಷ ಕಾದಿದ್ದ. ಅದು ಕಿವಿಗೆ ಬಿದ್ದಾಗ ಅವನ ಮುಖ ಹೇಗಾಗುತ್ತದೆಂದು ನೋಡಲು ಲನಿಮಾಯಾ ಕತ್ತು ಚಾಚಿದಳು. ಏನೂ ಆಗಲಿಲ್ಲ. ಅವನು ಹೋಗಿ ಮೊದಲ ಎಲೆಯ ಹಿಂದೆ ಕೂತ. ಕುಲ್‌ಮಾನ್ ಗೋಡೆ ಹಿಡಿದು ಎರಡನೆಯ ಎಲೆಯ ಹಿಂದೆ ಮೆಲ್ಲಗೆ ಕುಸಿದ. ಹೇರಾ ಥಕುಂಳನ್ನು ಹೆಂಗಸರ ಕಡೆ ಸರಿಸುವಾಗ ಅವಳು, ಯಾರೂ ಕೇಳದಿದ್ದರೂ, ಉಳಿದ ಮಾತನ್ನು ಮುಗಿಸಿದಳು.

"ಇವರಮ್ಮನಿಗೆ ಎರಡು ದಿನ ಎಚ್ಚರವಿಲ್ಲ. ಎರಡಕ್ಕೂ ಹಾಲು ಕೊಟ್ಟಿದ್ದು ನಮ್ಮಮ್ಮ. ಇವನಿಗೆ ಬಲಗಡೆ, ಕುಲ್‌ಮಾನನಿಗೆ ಎಡಗಡೆ. ಇವನು ಗಟಗಟ ಅಂತ ತನ್ನದು ಮುಗಿಸಿ ಅವನದಕ್ಕೂ ಬಾಯಿ ಹಾಕ್ತಿದ್ದ. ಅವನು ಆವಾಗ್ಲೂ ನಿಧಾನ. ಅದಕ್ಕೇ ನೋಡು ಕಡ್ಡಿ ಹಾಗೆ ಉಳಿದಿದ್ದು."

ಮತ್ತೆ ನಗೆ. ಬೇಖಾ ನಾರಾನ್ ತಲೆಯೆತ್ತಲಿಲ್ಲ.

ಸಂತವೀರ ತಟ್ಟೆ ತಂದ. ಬಲಗಣ್ಣು ಬೇಖಾ ನಾರಾನನ ಎಲೆಗೆ ಬಿತ್ತು, ಎಡಗಣ್ಣು ಕುಲ್‌ಮಾನನದಕ್ಕೆ. ಬಲಗಣ್ಣನ್ನು ಅವನು ಪಕ್ಕದವನಿಗೆ ಕೊಡಬಹುದೆಂದು ಯಾರಾದರೂ ಎಣಿಸಿದ್ದರೆ ಅವರಿಗೆ ಬೇಖಾ ನಾರಾನ್ ಗೊತ್ತಿಲ್ಲ ಎಂದರ್ಥ. ಅವನು ಅದನ್ನು ಬಾಯಿಗೆ ಹಾಕಿಕೊಂಡು, ಎಲ್ಲರೂ ನೋಡುವಂತೆ ಅಗಿದು, ನುಂಗಿ, ಬೆರಳನ್ನೂ ನೆಕ್ಕಿದ. "ಉಪ್ಪು ಕಮ್ಮಿ" ಎಂದ. ಚಾಪೆಯುದ್ದಕ್ಕೂ ಕೈಗಳು ಎಲೆಗಿಳಿದವು.

ಅವಲಕ್ಕಿ ಬಂತು, ಸುಟ್ಟ ಎಮ್ಮೆಮಾಂಸ ಬಂತು, ಉದ್ದಿನ ರೊಟ್ಟಿ, ಸಾಸಿವೆ ಸೊಪ್ಪು, ಕಳಿಲೆ ಹಾಕಿದ ಸಾರು, ಕೀರ್ತಿಪುರದ ಕುಂಬಳದ ಪಲ್ಯ. ಲನಿಮಾಯಾ ಥಕಾಲಿಯ ಹೆಂಡತಿಯಾಗಿ ಮೊದಲ ಸಲ ಸಾಲಿನ ತಲೆಯಿಂದ ಸಾರಾಯಿ ಸುರಿಯುತ್ತ ಬಂದಳು. ಗಿಂಡಿಯನ್ನು ಭುಜದೆತ್ತರಕ್ಕೆ ಎತ್ತಿದರೆ ದಾರದಂಥ ಧಾರೆ ಮಣ್ಣಿನ ಬಟ್ಟಲಿನಲ್ಲಿ ನೊರೆಯೆಬ್ಬಿಸಿ ಬೀಳಬೇಕು, ಒಂದು ಹನಿಯೂ ಸಿಡಿಯಬಾರದು. ಸಿಡಿಯಲಿಲ್ಲ. ಅವಳು ಕೊನೆಯ ತನಕ ಹೋಗಿ ತಿರುಗಿ ಬರುವಷ್ಟರಲ್ಲಿ, ಎಂದಿನಂತೆ, ಬೇಖಾ ನಾರಾನನ ಎಲೆ ಒಂದು ಚಿಟಿಕೆ ಅವಲಕ್ಕಿ ಬಿಟ್ಟರೆ ಬಳಿದಿಟ್ಟ ಹಾಗಿತ್ತು. ಕುಲ್‌ಮಾನ್ ಇನ್ನೂ ಮಾಂಸದ ಮೊದಲ ತುಂಡಿನ ಎಳೆ ಬಿಡಿಸುತ್ತಿದ್ದ. ಅವನು ಅವಸರವಾಗಿ ಎರಡು ತುಂಡು ಬಾಯಿಗೆ ತುರುಕಿಕೊಂಡ. ಇನ್ನೇನು ಏಳಬೇಕಾಗುತ್ತದೆಂದು ಅವನಿಗೆ ಗೊತ್ತಿತ್ತು. ಸಾಲಿನಲ್ಲಿ ಹಲವರು ಕಾಲು ಸಡಿಲಿಸಿಕೊಂಡರು.

ಬೇಖಾ ನಾರಾನ್ ಏಳಲಿಲ್ಲ.

"ಇನ್ನೊಂದು ಚೂರು ಸಾರಾಯಿ" ಎಂದ.

ಅವಳು ಸುರಿದಳು. ಸಾಲೆಲ್ಲ ಉಂಡು ಮುಗಿಸಿತು. ಸಂತವೀರ ಬಾಗಿಲಲ್ಲಿ ನಿಂತು ಆಕಳಿಸಿದ. ಅಷ್ಟನಾರಾನ್ ಕೆಳಗಿನ ಸಾಲಿನಿಂದ, "ಅಪ್ಪಾ, ಆಯ್ತಾ?" ಎಂದು ಕೂಗಿದ.

"ಥಕಾಲಿಗೆ ಅವಸರ ಮಾಡೋದು ಎಲ್ಲಿ ಕಲಿತೆಯೋ? ಮೊಸರು ತನ್ನಿ."

ಲನಿಮಾಯಾ ಗಿಂಡಿ ಹಿಡಿದು ಹಾಗೇ ನಿಂತಳು. ಮೊಸರೆಂದರೆ ಅವನಿಗೆ ಕಫ. ಮದುವೆಯಾದಾಗಿನಿಂದ ಮನೆಯಲ್ಲಿ ಒಂದು ದಿನ ಮುಟ್ಟಿದವನಲ್ಲ. ಮೊಸರು ಬಂತು. ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ಮುಖ ಕಿವಿಚಿದ. ಮತ್ತೆ ಅದ್ದಿದ.

"ಹೊಟ್ಟೆಬಾಕ ಮುದುಕ" ಎಂದು ಯಾರೋ ಪಿಸುಗುಟ್ಟಿದರು. "ಅಧಿಕಾರ ಸಿಕ್ಕಿದ ಮೊದಲ ದಿನಾನೇ ನಮ್ಮನ್ನ ಸತಾಯಿಸ್ತಾ ಇದಾನೆ ನೋಡು."

ಅವನಿಗೆ ಕೇಳಿಸಿತು. ಕಿವಿ ಚುರುಕು ಅವನದು. ಮೂರನೆಯ ಸಲ ಮೊಸರಿಗೆ ಬೆರಳು ಅದ್ದಿದ. ಪಕ್ಕದಲ್ಲಿ ಕುಲ್‌ಮಾನ್ ಯಾವುದರ ಪರಿವೆಯೂ ಇಲ್ಲದೆ ತಲೆ ಬಗ್ಗಿಸಿ, ನೆನೆದ ಅವಲಕ್ಕಿಯನ್ನು ಕುಂಬಳದ ಪಲ್ಯದಲ್ಲಿ ಕಲಸಿ, ಒಂದೊಂದೇ ತುತ್ತನ್ನು ಒಸಡಿನಲ್ಲಿ ಅರೆಯುತ್ತಿದ್ದ.

ಲನಿಮಾಯಾ ಬಟ್ಟಲು ತುಂಬಲು ಬಗ್ಗಿದಳು. ಬಟ್ಟಲು ತುಂಬಿಯೇ ಇತ್ತು. ಗಂಡನ ಎಲೆಯಲ್ಲಿ ಏಳು ಅವಲಕ್ಕಿ ಉಳಿದಿದ್ದವು. ಅವನು ಅವುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಎಲೆಯ ಈ ಅಂಚಿನಿಂದ ಆ ಅಂಚಿಗೆ ಸರಿಸಿ, ಸಾಲಾಗಿ ನೆಟ್ಟಗೆ ಕೂರಿಸುತ್ತಿದ್ದ. ಏಳನೆಯದು ಮುಗಿದ ಮೇಲೆ ಓರೆಗಣ್ಣಿನಲ್ಲಿ ಪಕ್ಕದ ಎಲೆಯನ್ನು ನೋಡಿದ. ಅಲ್ಲಿ ಇನ್ನೂ ಅರ್ಧವಿತ್ತು.

ಅವನು ಮೊದಲನೆಯ ಅವಲಕ್ಕಿಯನ್ನು ಈ ಅಂಚಿಗೆ ವಾಪಸು ಸರಿಸಿದ.